ಹೀಟರ್ ಫ್ಯಾನ್ 4ರಲ್ಲಿ ಮಾತ್ರ ತಿರುಗುತ್ತೆ. 1, 2, 3 ಎರಡನೇ ಸಲ ಸತ್ತಿವೆ

ಮಬ್ಬುಗಾಜು

11 ವರ್ಷದ ಹ್ಯಾಚ್‌ಬ್ಯಾಕ್. ಎಸಿಗೂ ಹೀಟರಿಗೂ ಒಂದೇ ಫ್ಯಾನ್, ಡ್ಯಾಶ್‌ಬೋರ್ಡಿನಲ್ಲಿ 0ಯಿಂದ 4ರವರೆಗೆ ತಿರುಗಿಸೋ ಗುಂಡಿ. ಈಗ 1, 2, 3ರಲ್ಲಿ ಫ್ಯಾನ್ ಉಸಿರೇ ಬಿಡಲ್ಲ. 4ಕ್ಕೆ ಹೋದ ಕೂಡಲೇ ಬಿರುಗಾಳಿ. ಮುಂಜಾನೆ ಗಾಜಿನ ಮಬ್ಬು ಓಡಿಸೋಕೆ ಬಿರುಗಾಳಿ ಒಳ್ಳೇದೇ, ಆದರೆ ಎಷ್ಟು ಹೊತ್ತು ಅಂತ ಸಹಿಸೋದು? ಆರಿಸಿದರೆ ಐದು ನಿಮಿಷಕ್ಕೆ ಮತ್ತೆ ಮಬ್ಬು. ದಾರಿಯುದ್ದಕ್ಕೂ ಗುಂಡಿ ತಿರುಗಿಸೋದೇ ಕೆಲಸ ಆಗಿದೆ. ಹಿಂದಿನ ಸೀಟಲ್ಲಿ ಮಗಳು ನಿದ್ದೆ ಹೋಗಿರ್ತಾಳೆ, 4ಕ್ಕೆ ಹಾಕಿದ ತಕ್ಷಣ ಬೆಚ್ಚಿಬಿದ್ದು ಏಳ್ತಾಳೆ.

ಫ್ಯಾನಿನ ವೇಗ ಇಳಿಸೋ ರೆಸಿಸ್ಟರ್ ಹೋಗಿದೆ ಅಂತ ಗೊತ್ತು. ಎಂಟು ತಿಂಗಳ ಹಿಂದೆ ಇದೇ ರೋಗ ಬಂದಾಗ ಗ್ಲವ್ ಬಾಕ್ಸ್ ಇಳಿಸಿ, ತಲೆ ಕೆಳಗೆ ಕಾಲು ಮೇಲೆ ಮಾಡಿಕೊಂಡು ನಾನೇ ಹೊಸದು ಹಾಕಿದ್ದೆ. ಎರಡು ಸ್ಕ್ರೂ, ಒಂದು ಕನೆಕ್ಟರ್, ಅಷ್ಟೇ. ಆವತ್ತು ಮನೇಲಿ ನನ್ನ ಗತ್ತು ನೋಡಬೇಕಿತ್ತು. ಈಗ ಆ ಹೊಸದೂ ಹೋಗಿದೆ.

ನಿನ್ನೆ ಮತ್ತೆ ಬಿಚ್ಚಿ ಮೀಟರ್ ಹಿಡಿದೆ. ರೆಸಿಸ್ಟರಿಗೆ ನಾಲ್ಕು ಕಾಲಿವೆ. ಮೂರು ಕಾಲುಗಳು ತಮ್ಮತಮ್ಮೊಳಗೆ 0.9, 1.4, 2.1 ಓಮ್ ತೋರಿಸ್ತಿವೆ. ನಾಲ್ಕನೇ ಕಾಲಿಂದ ಉಳಿದ ಯಾವುದಕ್ಕೆ ಹಿಡಿದರೂ ಮೀಟರ್ ಏನೂ ಹೇಳಲ್ಲ, ಪೂರ್ತಿ ಓಪನ್. 30 ಆಂಪಿಯರ್ ಫ್ಯೂಸ್ ಸರಿಯಾಗಿದೆ. ತಲೆಗೆ ಹತ್ತದ ಒಂದು ವಿಷಯ: ರೆಸಿಸ್ಟರ್ ವಾಪಸ್ ಸಿಕ್ಕಿಸಿ, ಗುಂಡಿ 1ರಲ್ಲಿ ಇಟ್ಟು, ಮೋಟಾರಿನ ಎರಡು ವೈರನ್ನೂ ಬಾಡಿ ಅರ್ತಿಗೆ ಅಳೆದರೆ ಎರಡರಲ್ಲೂ 12 ವೋಲ್ಟ್! ಎರಡೂ ಪ್ಲಸ್ ಆದರೆ ಮೈನಸ್ ಎಲ್ಲಿ ಹೋಯ್ತು?

ಕನೆಕ್ಟರಿನ ಒಂದು ತೂತಿನ ಸುತ್ತ ಪ್ಲಾಸ್ಟಿಕ್ ಸ್ವಲ್ಪ ಕಂದು ಬಣ್ಣಕ್ಕೆ ತಿರುಗಿದೆ. ಮತ್ತೆ, ಇದಕ್ಕೂ ಅದಕ್ಕೂ ಸಂಬಂಧ ಇದೆಯೋ ಇಲ್ವೋ, ಹೋದ ಚಳಿಗಾಲದಿಂದಲೂ ಬೆಳಿಗ್ಗೆ ಮೊದಲ ಸಲ 1ಕ್ಕೆ ಹಾಕಿದಾಗ ಕೀಂಯ್ ಅಂತ ಸಣ್ಣ ಸದ್ದು ಬರ್ತಿತ್ತು. ಎರಡು ನಿಮಿಷಕ್ಕೆ ತಾನೇ ನಿಲ್ತಿತ್ತು. ನಾನೂ ಬಿಟ್ಟುಬಿಟ್ಟೆ.

ಇನ್ನೊಂದು ರೆಸಿಸ್ಟರ್ ತಂದು ಹಾಕಲಾ? ಅಥವಾ ಹೋದ ಸಲ ತಂದಿದ್ದೇ ಕಳಪೆನಾ?

ಶಾರ್ಟ್‌ಕಟ್ಟು

ಇಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸ್ಕೋತೀರ ಗುರುಗಳೇ. ರೆಸಿಸ್ಟರ್ ತಿರುಗಿಸಿ ನೋಡಿ, ಸುರುಳಿಗಳ ಪಕ್ಕದಲ್ಲಿ ಸಣ್ಣ ಕಾಳಿನಷ್ಟು ಒಂದು ಪಾರ್ಟ್ ಕೂತಿರುತ್ತೆ. ಅದೇ ಥರ್ಮಲ್ ಫ್ಯೂಸ್, ಮಿತಿ ಮೀರಿ ಕಾದರೆ ತುಂಡಾಗೋದು. ಹೋಗಿರೋದು ಅದೊಂದೇ, ಸುರುಳಿ ಎಲ್ಲ ಚೆನ್ನಾಗಿದೆ ಅಂತ ನಿಮ್ಮ ಮೀಟರೇ ಹೇಳ್ತಿದೆ. ಅದರ ಮೇಲೆ ಒಂದು ತಂತಿ ಹಾಕಿ ಬೆಸುಗೆ ಹಾಕಿಬಿಡಿ, ಹತ್ತು ನಿಮಿಷದ ಕೆಲಸ. ನಾನು ಹಾಕಿ ಎರಡು ವರ್ಷ ಆಯ್ತು, ಮೂರೂ ಸ್ಪೀಡು ಗಂಟೆ ಹೊಡೆದ ಹಾಗೆ ಓಡ್ತಿದೆ.

ವೈಂಡಿಂಗ್ ಕೈ

ಮೇಲಿನವರ ತಂತಿ ಕೆಲಸವನ್ನ ಸದ್ಯಕ್ಕೆ ಪಕ್ಕಕ್ಕಿಡಿ. ಅದಕ್ಕೆ ಕೊನೇಲಿ ಬರ್ತೀನಿ, ಸ್ವಲ್ಪ ಬೈಯೋದಿದೆ.

ನಾನು 22 ವರ್ಷ ಮೋಟಾರ್ ವೈಂಡಿಂಗ್ ಮಾಡಿದವನು. ಪಂಪು, ಫ್ಯಾನು, ಸ್ಟಾರ್ಟರು, ಏನು ಬಂದರೂ. ಕಾರು ನನ್ನ ಕಸುಬಲ್ಲ. ಆದರೂ ಹೇಳೋ ಹಕ್ಕಿದೆ ಅಂದುಕೊಂಡಿದ್ದೀನಿ, ಯಾಕಂದರೆ ಇದೇ ರೆಸಿಸ್ಟರನ್ನ ನನ್ನ ಕಾರಿನಲ್ಲಿ ಮೂರು ಸಲ ಬದಲಿಸಿದ್ದೀನಿ. ಮೋಟಾರಿನ ಹೊಟ್ಟೆ ಬಗೆದು ಬದುಕಿದವನು ಮೋಟಾರನ್ನೇ ಮುಟ್ಟಿ ನೋಡದೆ ಮೂರು ಸಲ ರೆಸಿಸ್ಟರ್ ಹಾಕಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಅದೇ. ನಿಮ್ಮದು ಇನ್ನೂ ಎರಡನೇ ಬರೆ, ಇಲ್ಲಿಗೇ ನಿಲ್ಲಿಸಿ.

ಮೊದಲು ನಿಮ್ಮ ಅಳತೆ. ಚೆನ್ನಾಗಿ ಅಳೆದಿದ್ದೀರಿ. ಮೀಟರಿನ ಎರಡು ಕಡ್ಡಿ ಒಂದಕ್ಕೊಂದು ತಾಗಿಸಿ ನೋಡಿ, 0.2 ಓಮ್ ಆಸುಪಾಸು ತೋರಿಸುತ್ತೆ. ಅದು ಕಡ್ಡಿ ಮತ್ತು ವೈರಿನದ್ದು, ಕಳೀಬೇಕು. ಆಗ ನಿಮ್ಮ ಸುರುಳಿಗಳು 0.7 ಮತ್ತು 1.2, ಎರಡೂ ಸೇರಿ 1.9. ಕಾಣದೇ ಇರೋ ಮೂರನೇ ಸುರುಳಿ, ಮೋಟಾರಿನ ಕಡೆಯದ್ದು, ಸುಮಾರು 0.5 ಇರಬಹುದು. ಆ ಕಾಲಿಗೇ ಥರ್ಮಲ್ ಫ್ಯೂಸ್ ಸೇರಿಸಿರ್ತಾರೆ. ಮೂರೂ ಸುರುಳಿ ಸಾಲಾಗಿ ಒಂದರ ಹಿಂದೆ ಒಂದು. 1ರಲ್ಲಿ ಕರೆಂಟು ಮೂರನ್ನೂ ದಾಟಬೇಕು, 2ರಲ್ಲಿ ಎರಡನ್ನ, 3ರಲ್ಲಿ ಒಂದನ್ನ. 4ರಲ್ಲಿ ರೆಸಿಸ್ಟರಿನ ಹಂಗೇ ಇಲ್ಲ, ನೇರ ದಾರಿ. ಹಾಗಾಗಿ 1 ಮಾತ್ರ ಸತ್ತರೆ ಕೊನೆ ಸುರುಳಿ ತುಂಡಾಗಿದೆ ಅಂತ. 1, 2, 3 ಒಟ್ಟಿಗೆ ಸತ್ತು 4 ಬದುಕಿದ್ದರೆ ಥರ್ಮಲ್ ಫ್ಯೂಸೋ ಮೊದಲ ಸುರುಳಿಯೋ ಹೋಗಿದೆ. ಉಲ್ಟಾ ಆಗಿ 4 ಮಾತ್ರ ಸತ್ತು ಉಳಿದದ್ದು ಓಡಿದರೆ ರೆಸಿಸ್ಟರ್ ತಂಟೆಗೇ ಹೋಗಬೇಡಿ, ಗುಂಡಿಯ ಹಿಂದಿನ ಸ್ವಿಚ್ಚು ಅಥವಾ ರಿಲೇ ನೋಡಿ. ನಾಲ್ಕೂ ಸತ್ತರೆ ಕಥೆ ಬೇರೆ: ಫ್ಯೂಸು, ರಿಲೇ, ಅರ್ತಿಂಗು, ಮೋಟಾರು.

ಎರಡೂ ವೈರಲ್ಲಿ 12 ವೋಲ್ಟ್ ಬಂದದ್ದು ದೆವ್ವ ಅಲ್ಲ. ನಿಮ್ಮ ಕಾರಿನಲ್ಲಿ ಮೋಟಾರಿಗೆ ಪ್ಲಸ್ ಸದಾ ಸಿಗುತ್ತೆ, ರೆಸಿಸ್ಟರೂ ಸ್ವಿಚ್ಚೂ ಮೈನಸ್ ಕಡೆ ಕೂತಿವೆ. ಮೈನಸ್ ದಾರಿ ತುಂಡಾದಾಗ ಕರೆಂಟು ಹರಿಯಲ್ಲ. ಹರಿಯದಿದ್ದರೆ ಮೋಟಾರಿನೊಳಗೆ ವೋಲ್ಟೇಜ್ ಇಳಿಯೋದೂ ಇಲ್ಲ, ಈ ಬದಿಯ 12 ಆ ಬದಿಗೂ ಹಾಗೇ ದಾಟಿ ಬರುತ್ತೆ. ನಲ್ಲಿ ಕಟ್ಟಿದಾಗ ಪೈಪಿನ ಉದ್ದಕ್ಕೂ ನೀರಿನ ಒತ್ತಡ ಒಂದೇ ಇರುತ್ತಲ್ಲ, ಹಾಗೆ. 4ಕ್ಕೆ ತಿರುಗಿಸಿ ಅಳೆಯಿರಿ, ಒಂದು ವೈರ್ ಸೊನ್ನೆಯ ಹತ್ತಿರ ಬರುತ್ತೆ.

ಈಗ ಅಸಲು ವಿಷಯ. ನೀವು "ಸಂಬಂಧ ಇದೆಯೋ ಇಲ್ವೋ" ಅಂತ ಕೊನೇಲಿ ಎಸೆದ ಆ ಕೀಂಯ್ ಇದೆಯಲ್ಲ, ಅದನ್ನೇ ಮೊದಲ ಸಾಲಿನಲ್ಲಿ ಬರೀಬೇಕಿತ್ತು.

ತಿರುಗೋ ಮೋಟಾರು ತಾನೇ ಒಂದು ಡೈನಮೋ. ತಿರುಗ್ತಾ ತಿರುಗ್ತಾ ಒಳಬರೋ ಕರೆಂಟಿಗೆ ಎದುರಾಗಿ ತನ್ನದೇ ವೋಲ್ಟೇಜ್ ಹುಟ್ಟಿಸುತ್ತೆ, ಕರೆಂಟನ್ನ ಹಿಡಿದಿಡೋದು ಅದೇ. ಮೋಟಾರು ನಿಧಾನ ಆದಷ್ಟೂ ಈ ಎದುರೇಟು ಕಡಿಮೆ, ಕರೆಂಟು ಜಾಸ್ತಿ. ಪೂರ್ತಿ ನಿಂತರೆ ಎದುರೇಟೇ ಇಲ್ಲ. ಕೀಂಯ್ ಅನ್ನೋ ಹಾಗೆ ಬುಷ್ (ಶಾಫ್ಟು ಕೂತು ತಿರುಗೋ ಲೋಹದ ಬಳೆ) ಒಣಗಿದ ಮೋಟಾರಿಗೆ 1ರಲ್ಲಿ ಸಿಗೋದು ನಾಲ್ಕು ವೋಲ್ಟಿನಷ್ಟು, ಅಷ್ಟರಲ್ಲಿ ಚಳಿ ಬೆಳಿಗ್ಗೆ ಅದು ಒದ್ದಾಡುತ್ತೆ, ಕೆಲವು ಸಲ ಎದ್ದೇಳೋದೇ ಇಲ್ಲ. ನಿಮಗೆ ಫ್ಯಾನ್ ಓಡ್ತಿಲ್ಲ ಅಂತ ಗೊತ್ತಾಗೋ ಹೊತ್ತಿಗೆ ಕೆಲಸ ಕೆಟ್ಟಿರುತ್ತೆ.

ಲೆಕ್ಕ ಹಾಕಿ ನೋಡಿ. ಇಂಜಿನ್ ಓಡುವಾಗ 13.5 ವೋಲ್ಟ್ ಅಂತ ಇಟ್ಟುಕೊಳ್ಳಿ. 2ರಲ್ಲಿ ರೆಸಿಸ್ಟರ್ 0.5 ಮತ್ತು 0.7 ಸೇರಿ 1.2 ಓಮ್. ಆರೋಗ್ಯವಂತ ಮೋಟಾರು ಸುಮಾರು 6 ಆಂಪಿಯರ್ ಎಳೆದರೆ ಸುರುಳಿಯಲ್ಲಿ 43 ವ್ಯಾಟ್ ಶಾಖ. ಆ ಶಾಖವನ್ನ ಫ್ಯಾನಿನ ಗಾಳಿಯೇ ಹೊತ್ತೊಯ್ಯುತ್ತೆ, ರೆಸಿಸ್ಟರನ್ನ ಗಾಳಿ ಕೊಳವೆಯೊಳಗೆ ಮೂತಿ ತೂರಿಸಿ ಕೂರಿಸಿರೋದು ಅದಕ್ಕೇ. ಈಗ ಮೋಟಾರು ಸಿಕ್ಕಿಕೊಂಡು ನಿಂತಿತು ಅನ್ನಿ. ಅದರ ಸುರುಳಿ 0.4 ಓಮ್ ಇದ್ದರೆ ಒಟ್ಟು 1.6, ಕರೆಂಟು 8.4, ರೆಸಿಸ್ಟರಿನ ಶಾಖ 85 ವ್ಯಾಟ್. ಶಾಖ ಇಮ್ಮಡಿ, ಗಾಳಿ ಸೊನ್ನೆ. ಥರ್ಮಲ್ ಫ್ಯೂಸ್ ತನ್ನ ಪ್ರಾಣ ಕೊಟ್ಟು ನಿಮ್ಮ ಡ್ಯಾಶ್‌ಬೋರ್ಡ್ ಉಳಿಸುತ್ತೆ. 30 ಆಂಪಿಯರಿನ ದೊಡ್ಡ ಫ್ಯೂಸಿಗೆ 8.4 ಅನ್ನೋದು ಲೆಕ್ಕಕ್ಕೇ ಇಲ್ಲ, ಅದು ಆರಾಮಾಗಿ ನಿದ್ದೆ ಮಾಡ್ತಿರುತ್ತೆ. ಫ್ಯೂಸ್ ಸರಿಯಾಗಿದೆ ಅಂದರೆ ಮೋಟಾರೂ ಸರಿಯಾಗಿದೆ ಅಂತ ನಾನೂ ಅಂದುಕೊಂಡಿದ್ದೆ.

ಅದಕ್ಕೇ ಮೋಟಾರ್ ಇಳಿಸಿ. ಗ್ಲವ್ ಬಾಕ್ಸ್ ಹಿಂದೆಯೇ ಇರುತ್ತೆ, ಸಾಮಾನ್ಯವಾಗಿ ಮೂರು ಸ್ಕ್ರೂ, ಎರಡು ವೈರಿನ ಒಂದು ಕನೆಕ್ಟರ್. ಬ್ಯಾಟರಿ ಮೈನಸ್ ಮೊದಲು ಕಳಚಿ, ಕೆಲವು ನಿಮಿಷ ಕಾಯಿರಿ: ಆ ಜಾಗದ ಮೇಲೇ ಪ್ರಯಾಣಿಕರ ಏರ್‌ಬ್ಯಾಗ್ ಇರುತ್ತೆ. ಹಳದಿ ಬಣ್ಣದ ಕನೆಕ್ಟರ್ ಕಂಡರೆ ಕೈ ಹಿಂದಕ್ಕೆ.

ಇಳಿಸಿದ ಮೇಲೆ ಗಾಳಿಚಕ್ರವನ್ನ ಬೆರಳಲ್ಲಿ ಒಂದು ಸಲ ಬೀಸಿ. ಒಳ್ಳೆ ಮೋಟಾರು ಒಂದಷ್ಟು ಸುತ್ತು ತಾನೇ ಸುತ್ತಿ ನಿಧಾನಕ್ಕೆ ನಿಲ್ಲುತ್ತೆ. ಅರ್ಧ ಸುತ್ತಿಗೆ ಗಕ್ಕನೆ ನಿಂತರೆ ಕಳ್ಳ ಸಿಕ್ಕಿದ. ಶಾಫ್ಟನ್ನ ಅಡ್ಡಕ್ಕೆ ಅಲ್ಲಾಡಿಸಿ, ಕಟಕಟ ಅಂದರೆ ಬುಷ್ ಸವೆದಿದೆ, ಎಣ್ಣೆಯಿಂದ ಆಗೋ ಕೆಲಸ ಅಲ್ಲ, ಮೋಟಾರನ್ನೇ ಬದಲಿಸಿ. ಅಲ್ಲಾಟ ಇಲ್ಲದೆ ಬರೀ ಬಿಗಿ ಇದ್ದರೆ ಶಾಫ್ಟು ಬುಷ್ಷಿನೊಳಗೆ ಹೋಗೋ ಜಾಗಕ್ಕೆ ತೆಳು ಮಷಿನ್ ಆಯಿಲ್ ಎರಡು ಹನಿ. ಆ ಬುಷ್ ಕಂಚಿನ ಪುಡಿ ಒತ್ತಿ ಮಾಡಿದ್ದು, ಸ್ಪಂಜಿನ ಹಾಗೆ ಎಣ್ಣೆ ಕುಡಿಯುತ್ತೆ. ತುಕ್ಕು ಬಿಡಿಸೋ ಸ್ಪ್ರೇ ಹೊಡೀಬೇಡಿ, ಉಳಿದಿದ್ದ ಎಣ್ಣೆಯನ್ನೂ ತೊಳೆದು ತಾನೂ ಆವಿಯಾಗಿ ಹೋಗುತ್ತೆ. ಎರಡು ಹನಿ ಅಂದರೆ ಎರಡೇ. ಹತ್ತು ಹನಿ ಹಾಕಿದರೆ ಅದು ಕಾರ್ಬನ್ ಬ್ರಷ್ ಉಜ್ಜೋ ಕಮ್ಯುಟೇಟರಿಗೆ ಇಳಿದು ಕಾರ್ಬನ್ ಪುಡಿ ಜೊತೆ ಕೆಸರಾಗುತ್ತೆ. ಹಾಗೆ ಕೆಸರು ಮಾಡಿ ತಂದ ಮೋಟಾರುಗಳನ್ನ ಸಾಕಷ್ಟು ತೊಳೆದಿದ್ದೀನಿ.

ಚಕ್ರದ ಅಂಚಿನಲ್ಲಿ ಸಣ್ಣ ಕ್ಲಿಪ್ ಕಂಡರೆ ಕೀಳಬೇಡಿ. ಕಸ ಅಲ್ಲ ಅದು, ತೂಕ ಸಮ ಮಾಡೋಕೆ ಹಾಕಿರೋದು.

ಇನ್ನು ಕಂದು ಕನೆಕ್ಟರ್. ತಗಡಿನ ಹಿಡಿತ ಸಡಿಲ ಆಗಿ ಅಲ್ಲಿ 0.1 ಓಮ್ ಹುಟ್ಟಿಕೊಂಡರೂ 15 ಆಂಪಿಯರಿಗೆ 22 ವ್ಯಾಟ್ ಆಯ್ತು. ಸಣ್ಣ ಬೆಸುಗೆ ಕಡ್ಡಿಯಷ್ಟು ಶಾಖ ಪ್ಲಾಸ್ಟಿಕ್ ತೂತಿನೊಳಗೆ. ಹೊಸ ರೆಸಿಸ್ಟರನ್ನ ಹಳೇ ಸುಟ್ಟ ಕನೆಕ್ಟರಿಗೆ ಚುಚ್ಚಬೇಡಿ. ಕನೆಕ್ಟರ್ ವೈರಿನ ಬಾಲ ಸಮೇತ ಸಿಗುತ್ತೆ, ಅದೇ ದಪ್ಪದ ವೈರ್ ಇರೋದನ್ನ ತಂದು ಕ್ರಿಂಪ್ ಮಾಡಿ, ಅಂದರೆ ತಗಡಿನ ತೋಳಲ್ಲಿ ಒತ್ತಿ ಸೇರಿಸಿ.

ತಂತಿ ವಿಷಯ. ಥರ್ಮಲ್ ಫ್ಯೂಸಿಗೆ ತಂತಿ ಹಾಕಿದವರು ರೋಗ ವಾಸಿ ಮಾಡಿಲ್ಲ, ಥರ್ಮಾಮೀಟರ್ ಒಡೆದು ಹಾಕಿದ್ದಾರೆ. ಆ ಮೋಟಾರು ಒಂದು ದಿನ ಸಿಕ್ಕಿಕೊಂಡರೆ ಸುರುಳಿ ಕೆಂಪಗೆ ಕಾಯುತ್ತೆ, ಸುತ್ತ ಇರೋದು ಪ್ಲಾಸ್ಟಿಕ್ ಕೊಳವೆ, ಒಣ ಎಲೆ, ಕಾಗದದ ಫಿಲ್ಟರ್. ಎರಡು ವರ್ಷ ಏನೂ ಆಗಿಲ್ಲ ಅಂದರೆ ನಿಮ್ಮ ಮೋಟಾರು ಇನ್ನೂ ಗಟ್ಟಿಯಾಗಿದೆ ಅಷ್ಟೇ. ಇನ್ನೂ ಒಂದು ವಿಷಯ: ಸಾಮಾನ್ಯ ತವರ-ಸೀಸದ ಬೆಸುಗೆ 183 ಡಿಗ್ರಿಗೆ ಕರಗುತ್ತೆ. ಈ ಸುರುಳಿಗಳ ಕಾಲು ಅದಕ್ಕಿಂತ ಹೆಚ್ಚು ಕಾಯೋ ಸಾಧ್ಯತೆ ಇರೋದರಿಂದಲೇ ಕಂಪನಿಯವರು ಅಲ್ಲಿ ವೆಲ್ಡ್ ಅಥವಾ ಕ್ರಿಂಪ್ ಮಾಡಿರೋದು. ಹೊಸ ಥರ್ಮಲ್ ಫ್ಯೂಸನ್ನೇ ಹಾಕ್ತೀನಿ ಅಂತ ಬೆಸುಗೆ ಕಡ್ಡಿ ಹಿಡಿದರೂ ಕಾಲಿನ ಮೂಲಕ ಶಾಖ ಏರಿ ಅದು ಕೂರೋ ಮೊದಲೇ ಸತ್ತಿರುತ್ತೆ.

ಅರ್ಧ ಮೆಕ್ಯಾನಿಕ್

ಮೇಲಿನ ಉತ್ತರಕ್ಕೆ ಒಂದು ಮಾತು ಸೇರಿಸ್ತೀನಿ. ಕ್ಯಾಬಿನ್ ಫಿಲ್ಟರ್ ನೋಡಿದ್ರಾ? ನನ್ನ ಕಾರಿನಲ್ಲಿ ಫಿಲ್ಟರ್ ಅನ್ನೋದು ಒಂದಿದೆ ಅಂತ ಗೊತ್ತಾಗಿದ್ದೇ ಐದನೇ ವರ್ಷ, ತೆಗೆದಾಗ ಕಂಬಳಿ ಹಾಗಿತ್ತು. ಅದು ಕಟ್ಟಿಕೊಂಡರೆ ಮೋಟಾರಿಗೆ ಗಾಳಿ ಎಳೆಯೋಕೆ ಜಾಸ್ತಿ ಶ್ರಮ, ಜಾಸ್ತಿ ಕರೆಂಟು, ರೆಸಿಸ್ಟರ್ ಢಮಾರ್. ಹೊಸ ಫಿಲ್ಟರ್ ಹಾಕಿದ ಮೇಲೆ ನನ್ನ ರೆಸಿಸ್ಟರ್ ಇವತ್ತಿಗೂ ಹೋಗಿಲ್ಲ.

ಇನ್ನೊಂದು, ಸ್ಕ್ರೂ ಹುಷಾರು. ಮೋಟಾರ್ ವಾಪಸ್ ಏರಿಸುವಾಗ ನನ್ನ ಕೈಯಿಂದ ಒಂದು ಜಾರಿ ಚಕ್ರದೊಳಗೆ ಬಿತ್ತು. ಗೊತ್ತಾಗಲಿಲ್ಲ. ಎಲ್ಲ ಜೋಡಿಸಿ, ಗ್ಲವ್ ಬಾಕ್ಸ್ ಏರಿಸಿ, ಕೈ ತೊಳೆದು ಬಂದು ಸ್ವಿಚ್ ಹಾಕಿದರೆ ಡಬ್ಬಿಯೊಳಗೆ ಕಲ್ಲು ಹಾಕಿ ಕುಲುಕಿದ ಸದ್ದು. ಮತ್ತೆ ಪೂರ್ತಿ ಬಿಚ್ಚಿದೆ. ಸ್ಕ್ರೂಡ್ರೈವರ್ ತುದಿಗೆ ಒಂದು ಅಯಸ್ಕಾಂತ ಉಜ್ಜಿಕೊಂಡು ಹೋಗಿ.

ವೈಂಡಿಂಗ್ ಕೈ

ಫಿಲ್ಟರ್ ಬದಲಿಸಿದ್ದು ಸರಿ, ಕಾರಣ ಮಾತ್ರ ತಲೆಕೆಳಗು. ಎಲ್ಲರೂ ಹೀಗೇ ಹೇಳ್ತಾರೆ, ಅದಕ್ಕೇ ಬಿಡಿಸಿ ಬರೀತೀನಿ.

ವ್ಯಾಕ್ಯೂಮ್ ಕ್ಲೀನರ್ ಬಾಯಿಗೆ ಅಂಗೈ ಅಡ್ಡ ಇಡಿ. ಸದ್ದು ಕೀಚಲಾಗಿ ಏರುತ್ತೆ ಅಲ್ವಾ? ಮೋಟಾರು ಜೋರಾಗಿ ತಿರುಗ್ತಿದೆ, ಯಾಕಂದರೆ ತಳ್ಳೋಕೆ ಗಾಳಿಯೇ ಇಲ್ಲ, ಹೊರೆ ಇಳಿದಿದೆ. ಕಾರಿನ ಈ ಅಳಿಲು ಪಂಜರದಂಥ ಚಕ್ರವೂ ಹಾಗೇ. ದಾರಿ ಕಟ್ಟಿದರೆ ಗಾಳಿ ಕಡಿಮೆ, ಹೊರೆ ಕಡಿಮೆ, ಕರೆಂಟೂ ಕಡಿಮೆ. ಹಾಗಾದರೆ ರೆಸಿಸ್ಟರ್ ಯಾಕೆ ಸಾಯುತ್ತೆ? ಕರೆಂಟು ಸ್ವಲ್ಪ ಇಳಿದರೂ ಅದನ್ನ ತಣಿಸೋ ಗಾಳಿ ಅದಕ್ಕಿಂತ ತುಂಬಾ ಇಳಿದಿದೆ. ಬೇಯೋದು ರೆಸಿಸ್ಟರು, ಮೋಟಾರಲ್ಲ. ಫಲ ಒಂದೇ ಅನ್ನಬಹುದು. ಆದರೆ ಪತ್ತೆ ಹಚ್ಚುವಾಗ ಇದು ಮುಖ್ಯ: ಆಂಪಿಯರ್ ಅಳೆದು ಜಾಸ್ತಿ ಬಂದರೆ ಮೋಟಾರಿನ ಬುಷ್ ನೋಡಬೇಕು, ಕಡಿಮೆ ಬಂದು ಗಾಳಿಯೂ ಕಡಿಮೆ ಇದ್ದರೆ ಫಿಲ್ಟರ್ ನೋಡಬೇಕು.

ಅಳೆಯೋ ವಿಷಯ ಬಂತು. ಮಬ್ಬುಗಾಜು ಅವರೇ, ಮೀಟರನ್ನ 10 ಆಂಪಿಯರ್ ತೂತಿಗೆ ಹಾಕಿ ಸಾಲಿನಲ್ಲಿ ಸೇರಿಸಿ 4ಕ್ಕೆ ಹಾಕಿಬಿಡಬೇಡಿ, ಮೀಟರಿನ ಫ್ಯೂಸ್ ಹೋಗುತ್ತೆ. ನಿಮಗೆ ಆಂಪಿಯರ್ ಮೀಟರೇ ಬೇಡ, ರೆಸಿಸ್ಟರೇ ಇದೆಯಲ್ಲ. 1ರಲ್ಲಿ ಓಡುವಾಗ ರೆಸಿಸ್ಟರಿನ ಎರಡು ತುದಿಗೆ ವೋಲ್ಟೇಜ್ ಅಳೆದು 2.4ರಿಂದ (ಮೂರೂ ಸುರುಳಿ ಸೇರಿ, 1.9 ಮತ್ತು 0.5) ಭಾಗಿಸಿ, ಬಂದದ್ದೇ ಆಂಪಿಯರ್. ರೆಸಿಸ್ಟರ್ ಅದರ ಜಾಗದಲ್ಲೇ, ಗಾಳಿಯಲ್ಲೇ ಇರಲಿ. ಹೊರಗೆ ನೇತಾಡಿಸಿ ಓಡಿಸಿದರೆ ಕಣ್ಣೆದುರೇ ಇನ್ನೊಂದು ಥರ್ಮಲ್ ಫ್ಯೂಸ್ ಹೋಗುತ್ತೆ. ಓಡಿಸಿದ ಮೇಲೆ ಬರಿಗೈಲಿ ಮುಟ್ಟಬೇಡಿ, ನನ್ನ ಹೆಬ್ಬೆರಳಿನ ಮೇಲೆ ಇನ್ನೂ ಅದರ ಗೆರೆ ಇದೆ.

ಹಿಂದಿನ ಸೀಟು

ನಡುವೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನನ್ನದು ಆಟೊಮ್ಯಾಟಿಕ್ ಎಸಿ, ಡಿಗ್ರಿ ಒತ್ತಿದರೆ ಫ್ಯಾನ್ ತಾನೇ ಏರಿಳಿಯೋದು. ಒಂದು ವಾರದಿಂದ ಸದಾ ಪೂರ್ತಿ ಸ್ಪೀಡು, ನೆನ್ನೆಯಂತೂ ಕೀಲಿ ತೆಗೆದ ಮೇಲೂ ತಿರುಗ್ತಾನೇ ಇತ್ತು. ನನಗೂ ಇದೇ ರೆಸಿಸ್ಟರಾ?

ವೈಂಡಿಂಗ್ ಕೈ

ಅಲ್ಲ. ನಿಮ್ಮದರಲ್ಲಿ ಸುರುಳಿ ಇರಲ್ಲ, ಅಲ್ಯುಮಿನಿಯಂ ರೆಕ್ಕೆಗಳಿರೋ ಒಂದು ಎಲೆಕ್ಟ್ರಾನಿಕ್ ಮಾಡ್ಯೂಲ್ ಇರುತ್ತೆ. ಒಳಗಿನ ಟ್ರಾನ್ಸಿಸ್ಟರ್ ಶಾರ್ಟ್ ಆದಾಗ ಹೀಗೆ ನಿಲ್ಲಿಸಲಾಗದ ಪೂರ್ತಿ ಸ್ಪೀಡು ಬರುತ್ತೆ. ಓಮ್ ಅಳೆದು ಪ್ರಯೋಜನ ಇಲ್ಲ, ಮಾಡ್ಯೂಲ್ ಬದಲಿಸಬೇಕು. ಅಲ್ಲಿಯವರೆಗೆ ಕಾರು ನಿಲ್ಲಿಸಿದಾಗ ಫ್ಯಾನಿನ ಫ್ಯೂಸ್ ಕಿತ್ತಿಡಿ, ಇಲ್ಲದಿದ್ದರೆ ಬೆಳಿಗ್ಗೆ ಬ್ಯಾಟರಿ ಸತ್ತಿರುತ್ತೆ. ಮೋಟಾರನ್ನ ಬೆರಳಲ್ಲಿ ತಿರುಗಿಸಿ ನೋಡೋದು ಮಾತ್ರ ನಿಮಗೂ ಅನ್ವಯ.

ಮಬ್ಬುಗಾಜು

ಶನಿವಾರ ಪೂರ್ತಿ ಇದಕ್ಕೇ ಹೋಯ್ತು. ಬರೆದು ಮುಗಿಸ್ತೀನಿ.

ಮೊದಲು ಹೊಸ ರೆಸಿಸ್ಟರ್ ಹಾಕಿ, ಮೋಟಾರ್ ಮುಟ್ಟದೆ, ಇಂಜಿನ್ ಓಡಿಸಿ 1ರಲ್ಲಿ ಅಳೆದೆ. ಅರ್ಧ ನಿಮಿಷ ಅಷ್ಟೇ, ಹೆದರಿಕೆ ಇತ್ತು. ಫ್ಯಾನ್ ಮೊದಲು ಗುಂಯ್ ಅಂತ ಯೋಚನೆ ಮಾಡಿ ಆಮೇಲೆ ಎದ್ದಿತು. ರೆಸಿಸ್ಟರಿನ ಮೇಲೆ 10.8 ವೋಲ್ಟ್. 2.4ರಿಂದ ಭಾಗಿಸಿದರೆ 4.5 ಆಂಪಿಯರ್. ಆರಿಸಿಬಿಟ್ಟೆ.

ಮೋಟಾರ್ ಇಳಿಸಿದೆ. ಎರಡು ಸ್ಕ್ರೂ ಸುಲಭ. ಮೂರನೆಯದು ಯಾರೋ ಸಿಟ್ಟಿನಲ್ಲಿ ಹಾಕಿದ್ದು ಅನ್ಸುತ್ತೆ, ಗೋಡೆಗೂ ಕೊಳವೆಗೂ ನಡುವೆ ಎರಡು ಬೆರಳಿನ ಜಾಗ, ಸ್ಕ್ರೂಡ್ರೈವರ್ ನೆಟ್ಟಗೆ ನಿಲ್ಲಲ್ಲ. ಗಿಡ್ಡ ಹಿಡಿಯದ್ದೊಂದು ಹುಡುಕಿ ತಂದು, ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು, ಮುಕ್ಕಾಲು ಗಂಟೆ. ಮಗಳು ಬಂದು ನೋಡಿ "ಅಪ್ಪ ಕಾರು ನುಂಗಿಬಿಡ್ತು" ಅಂತ ಒಳಗೆ ಓಡಿಹೋದಳು.

ಚಕ್ರದೊಳಗೆ ಒಂದು ಹಿಡಿ ಒಣ ಎಲೆ, ಯಾವುದೋ ಕಾಗದದ ಚೂರು. ಫಿಲ್ಟರ್ ಇರಬೇಕಾದ ಜಾಗದಲ್ಲಿ ಫಿಲ್ಟರೇ ಇರಲಿಲ್ಲ! ಯಾವ ಸರ್ವಿಸಿನಲ್ಲಿ ಯಾರು ತೆಗೆದರೋ, ವಾಪಸ್ ಹಾಕಿಲ್ಲ. ಬೆರಳಲ್ಲಿ ಬೀಸಿದರೆ ಚಕ್ರ ಮುಕ್ಕಾಲು ಸುತ್ತು ಹೋಗಿ ಗಕ್ಕ. ಅಡ್ಡ ಅಲ್ಲಾಟ ಇಲ್ಲ. ಎಲೆ ತೆಗೆದು ಮತ್ತೆ ಬೀಸಿದೆ, ಒಂದೂಕಾಲು ಸುತ್ತು. ಅಲ್ಲಿಗೆ ಎಲೆಯದ್ದು ಸ್ವಲ್ಪ, ಬುಷ್ಷಿನದ್ದೇ ಜಾಸ್ತಿ. ಎರಡು ಹನಿ ಎಣ್ಣೆ. (ಮೂರನೆಯದು ಹಾಕೋ ಆಸೆ ಬಂತು, ಕೆಸರು ನೆನಪಾಗಿ ಬಿಟ್ಟೆ.) ಕೈಯಲ್ಲಿ ತಿರುಗಿಸ್ತಾ ತಿರುಗಿಸ್ತಾ ಕೂತೆ, ಹತ್ತು ನಿಮಿಷ ಬಿಟ್ಟು ಬೀಸಿದರೆ ಏಳೆಂಟು ಸುತ್ತು. ಕಾರ್ಬನ್ ಬ್ರಷ್ ಕಿಂಡಿಯಿಂದ ಕಂಡಿತು, ಇನ್ನೂ ಸಾಕಷ್ಟು ಉದ್ದ ಇದೆ.

ಕನೆಕ್ಟರ್ ಬಾಲ ಸಮೇತ ಹೊಸದು ಹಾಕಿದೆ. ಹಳೆಯದರ ತಗಡು ಹೊರಗೆ ತೆಗೆದು ನೋಡಿದರೆ ಒಂದು ನೀಲಿ-ಕಪ್ಪು ಬಣ್ಣಕ್ಕೆ ತಿರುಗಿತ್ತು, ಹಿಡಿತ ಪೂರ್ತಿ ಸಡಿಲ. ಹೋದ ಸಲ ಇದಕ್ಕೇ ಹೊಸ ರೆಸಿಸ್ಟರ್ ಚುಚ್ಚಿ ಗತ್ತು ತೋರಿಸಿದ್ದು ನಾನು.

ಎಲ್ಲ ಏರಿಸಿ, ಹೊಸ ಫಿಲ್ಟರ್ ಹಾಕಿ ಅಳೆದೆ. 1ರಲ್ಲಿ 9.2 ವೋಲ್ಟ್, ಅಂದರೆ 3.8 ಆಂಪಿಯರ್. ಮೊದಲಿನ ಯೋಚನೆ ಗೀಚನೆ ಇಲ್ಲ, ಹಾಕಿದ ಕೂಡಲೇ ಎದ್ದೇಳುತ್ತೆ. ಇವತ್ತು ಬೆಳಿಗ್ಗೆ ಚಳಿಯಲ್ಲಿ ಕಿವಿ ಕೊಟ್ಟು ಕೇಳಿದೆ, ಕೀಂಯ್ ಇಲ್ಲ. 2ರಲ್ಲಿ ಇಟ್ಟೇ ಹೋದೆ, ಗಾಜು ತಿಳಿಯಾಗಿತ್ತು, ಮಗಳು ಏಳಲಿಲ್ಲ.

ಒಂದೇ ತೊಂದರೆ. ಒಂದು ಸ್ಕ್ರೂ ಉಳಿದುಬಿಟ್ಟಿದೆ. ಕಪ್ಪು ಬಣ್ಣ, ತಲೆ ಅಗಲ, ಮೋಟಾರಿನ ಮೂರು ಮತ್ತು ರೆಸಿಸ್ಟರಿನ ಎರಡಕ್ಕಿಂತ ಬೇರೆ ಥರ. ಯಾವ ಸದ್ದೂ ಇಲ್ಲ, ಏನೂ ಅಲ್ಲಾಡ್ತಿಲ್ಲ.

ವೈಂಡಿಂಗ್ ಕೈ

10.8ರಿಂದ 9.2. ಆ ಎರಡು ಅಂಕಿಯನ್ನ ಗ್ಲವ್ ಬಾಕ್ಸ್ ಮುಚ್ಚಳದ ಒಳಗೆ ಬರೆದಿಡಿ. ಮುಂದಿನ ಚಳಿಗಾಲಕ್ಕೆ ಮೊದಲು ಒಂದು ಸಲ ಅಳೆಯಿರಿ. ಮತ್ತೆ 10 ದಾಟಿದ್ದರೆ ಎಣ್ಣೆಯ ಆಟ ಮುಗಿಯಿತು, ಮೋಟಾರನ್ನೇ ತನ್ನಿ, ರೆಸಿಸ್ಟರ್ ಸಾಯೋವರೆಗೆ ಕಾಯಬೇಡಿ.

ಅಗಲ ತಲೆಯ ಕಪ್ಪು ಸ್ಕ್ರೂ ಆದರೆ ಸಾಮಾನ್ಯವಾಗಿ ಗ್ಲವ್ ಬಾಕ್ಸ್ ಕೆಳಗಿನ ಪ್ಲಾಸ್ಟಿಕ್ ಹೊದಿಕೆಯದ್ದು. ಬಾಗಿಲ ಕಡೆಯ ಮೂಲೆ ತಡವಿ ನೋಡಿ.

ಮಬ್ಬುಗಾಜು

ಅಲ್ಲೇ ಇತ್ತು ತೂತು. ಹಾಕಿದೆ.